ನನ್ನ ಎತ್ತರಕ್ಕೆ ಬಗ್ಗಿಸಿಕೊಂಡ ಐರನ್‌ಗಳು

ಆರು ವರ್ಷ ಗಾಲ್ಫ್ ಆಡುವಾಗ ನನ್ನ ಚೆಂಡು ಬಲಕ್ಕೇ ಹೋಗುತ್ತಿತ್ತು. ದೂರ ಹೊಡೆಯುವ ಡ್ರೈವರ್ ಸರಿಯಿತ್ತು, ಗುಳಿಗೆ ಉರುಳಿಸುವ ಪಟ್ಟರ್ ಸರಿಯಿತ್ತು. ಉಕ್ಕಿನ ತಲೆಯ ಕ್ಲಬ್ಬು, ಅಂದರೆ ಐರನ್ ಹಿಡಿದರೆ ಮಾತ್ರ ಚೆಂಡು ಗುಳಿಯಿರುವ ಗ್ರೀನಿನ ಬಲಗಡೆ, ಬಂಕರಿನ ಮರಳಿಗೆ. ಕೋಚ್ ಹತ್ತಿರ ಹೋದೆ, ಹಿಡಿತ ಬದಲಿಸಿದೆ, ನಿಲ್ಲುವ ರೀತಿ ಬದಲಿಸಿದೆ. ಏನು ಮಾಡಿದರೂ 7 ಐರನ್ ಸ್ವಲ್ಪ ಬಲಕ್ಕೆ, 9 ಐರನ್ ಇನ್ನೂ ಸ್ವಲ್ಪ ಜಾಸ್ತಿ, ಎಲ್ಲಕ್ಕಿಂತ ಹತ್ತಿರಕ್ಕೆ ಹೊಡೆಯುವ ವೆಜ್ ಎಲ್ಲಕ್ಕಿಂತ ಜಾಸ್ತಿ. ಅಂಕಿ ದೊಡ್ಡದಾದಷ್ಟೂ ಹತ್ತಿರದ ಹೊಡೆತ. ಹತ್ತಿರದ ಹೊಡೆತವೇ ಹೆಚ್ಚು ತಪ್ಪುವುದು ಯಾಕೆ ಅಂತ ನಾನು ಯೋಚಿಸಲೇ ಇಲ್ಲ.

ಅದನ್ನು ಕಂಡುಹಿಡಿದದ್ದು ನನ್ನ ಬ್ಯಾಗ್ ಹೊರುವ ಕ್ಯಾಡಿ. ಬೆಂಗಳೂರಿನಲ್ಲಿ ರಾತ್ರಿಯೆಲ್ಲಾ ಮಳೆ ಸುರಿದು ನೆಲ ಮೆತ್ತಗಾಗಿದ್ದ ಒಂದು ಬೆಳಿಗ್ಗೆ. ನಾನು ಹೊಡೆದ ಜಾಗದಲ್ಲಿ ಹುಲ್ಲಿನ ಹೆಂಟೆ ಎದ್ದು ಡಿವಟ್ ಆಗಿತ್ತು. ಅದಕ್ಕೆ ಮರಳು ಸುರಿಯುವ ಮುಂಚೆ ಅವರು ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ನೋಡಿದರು.

"ಸಾರ್, ಇಲ್ಲಿ ನೋಡಿ. ಆಚೆ ಕಡೆ ಅರ್ಧ ಬೆರಳು ಆಳ ಹೋಗಿದೆ. ನಿಮ್ಮ ಕಾಲಿನ ಕಡೆ ಹುಲ್ಲು ಹಾಗೇ ಇದೆ. ಕ್ಲಬ್ಬು ತುದಿ ಮೇಲೆ ನಿಲ್ತಾ ಇದೆ."

"ಇವತ್ತು ಮಾತ್ರಾನಾ ಅಣ್ಣ?"

"ಇಲ್ಲ ಸಾರ್, ನಾನು ನಿಮ್ಮ ಬ್ಯಾಗ್ ಹೊತ್ತಾಗಿಂದ ಹೀಗೇ."

ನನ್ನ ಎತ್ತರ 6 ಅಡಿ 1 ಇಂಚು. ಆ ಸೆಟ್ಟನ್ನು ಅಂಗಡಿಯಲ್ಲಿ ಇದ್ದದ್ದು ಇದ್ದ ಹಾಗೇ ಕೊಂಡಿದ್ದೆ. ಊರಲ್ಲಿ ಹೊಸ ಗುದ್ದಲಿ ತಂದರೆ ಅಪ್ಪ ಮೊದಲು ಅದನ್ನು ಹಿಡಿದು ಎರಡು ಏಟು ಅಗೆದು ನೋಡುತ್ತಿದ್ದರು. ಮೂತಿ ಜಾಸ್ತಿ ಒಳಗಿದೆ ಅನಿಸಿದರೆ ಕುಲುಮೆಗೆ ಒಯ್ದು ತಮ್ಮ ಎತ್ತರಕ್ಕೆ ತಕ್ಕಂತೆ ತೆರೆಸಿಕೊಂಡು ಬರುತ್ತಿದ್ದರು. ಗಾಲ್ಫ್ ಕ್ಲಬ್ಬಿಗೂ ಅದೇ ಲೆಕ್ಕ. ಕ್ಲಬ್ಬಿನ ತಳ ನೆಲಕ್ಕೆ ಸಮವಾಗಿ ಕೂತಾಗ ಕಡ್ಡಿ ನೆಲದ ಜೊತೆ ಮಾಡುವ ಕೋನಕ್ಕೆ ಲೈ ಅನ್ನುತ್ತಾರೆ. 7 ಐರನ್‌ಗೆ ಮಾಮೂಲಿಯಾಗಿ 62 ಡಿಗ್ರಿ ಆಸುಪಾಸು. ಎತ್ತರದವರ ಕೈ ನೆಲದಿಂದ ಮೇಲಿರುತ್ತದೆ, ಹಾಗಾಗಿ ಕ್ಲಬ್ಬಿನ ತಲೆಯಲ್ಲಿ ಕಡ್ಡಿಯ ಕಡೆಯ ಭಾಗ, ಅಂದರೆ ಹಿಮ್ಮಡಿ, ಏಳುತ್ತದೆ, ತುದಿ ಕೆಳಗಾಗುತ್ತದೆ. ಐರನ್ನಿನ ಮುಖ ಹಿಂದಕ್ಕೆ ವಾಲಿರುವುದರಿಂದ, ತುದಿ ಕೆಳಗಾದರೆ ಮುಖ ಬಲಕ್ಕೆ ತಿರುಗುತ್ತದೆ. ವಾಲು ಹೆಚ್ಚಾದಷ್ಟೂ ತಿರುಗುವುದೂ ಹೆಚ್ಚು. ಲೆಕ್ಕ ಹಾಕಿ ನೋಡಿದೆ. ತಳ 3 ಡಿಗ್ರಿ ಓರೆಯಾದರೆ, 33 ಡಿಗ್ರಿಯ 7 ಐರನ್ 150 ಯಾರ್ಡ್‌ಗೆ ಸುಮಾರು 5 ಯಾರ್ಡ್ ಬಲಕ್ಕೆ ಹೋಗುತ್ತದೆ. 46 ಡಿಗ್ರಿಯ ವೆಜ್ 110 ಯಾರ್ಡ್‌ಗೇ 6 ಯಾರ್ಡ್ ಹೋಗುತ್ತದೆ. ಆರು ವರ್ಷದ ನನ್ನ ಗೋಳು ಈ ಲೆಕ್ಕದಲ್ಲೇ ಇತ್ತು.

ಆ ಹಳೆಯ ಸೆಟ್ ಎರಕದ್ದು, ಗಟ್ಟಿ ಸ್ಟೇನ್‌ಲೆಸ್ ಸ್ಟೀಲ್. ಕಡ್ಡಿ ಸೇರುವ ಕುತ್ತಿಗೆಯನ್ನು ಬಗ್ಗಿಸಿ ಲೈ ಸರಿ ಮಾಡಿಕೊಡಿ ಅಂದಾಗ ಒಬ್ಬರು ಒಂದು ಡಿಗ್ರಿಗಿಂತ ಹೆಚ್ಚು ಕೈ ಹಾಕಲ್ಲ, ಕುತ್ತಿಗೆ ಬಿರುಕು ಬಿಟ್ಟರೆ ನಾನು ಜವಾಬ್ದಾರನಲ್ಲ ಅಂದರು. ಅವರು ಹೇಳಿದ್ದು ನ್ಯಾಯವೇ. ಅಲ್ಲಿಂದ ಫೋರ್ಜ್ಡ್, ಅಂದರೆ ಬಡಿದು ಮಾಡಿದ ಸೆಟ್ಟಿನ ಯೋಚನೆ ಶುರುವಾಯಿತು.

ನಾನು ಪೀಣ್ಯದಲ್ಲಿ ಇಪ್ಪತ್ತು ವರ್ಷ ಫೋರ್ಜಿಂಗ್ ಕೆಲಸ ನೋಡಿದವನು. ಹಾಗಾಗಿ ಫೋರ್ಜ್ಡ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾರ್ಬನ್ ಕಮ್ಮಿ ಇರುವ ಮೆತ್ತನೆಯ ಉಕ್ಕಿನ ಸರಳನ್ನು ಕೆಂಪಗೆ ಕಾಯಿಸುತ್ತಾರೆ, ಎರಡು ಡೈ, ಅಂದರೆ ಅಚ್ಚುಗಳ ನಡುವೆ ಇಟ್ಟು ಬಡಿಯುತ್ತಾರೆ, ಅಂಚಿನಲ್ಲಿ ಉಕ್ಕಿ ಬಂದ ಫ್ಲ್ಯಾಷ್ ಕತ್ತರಿಸಿ ಮತ್ತೆ ಬಡಿಯುತ್ತಾರೆ. ಆಮೇಲೆ ಉಜ್ಜಿ ನಿಕಲ್ ಕ್ರೋಮ್ ಲೇಪ ಕೊಡುತ್ತಾರೆ. ಕ್ಲಬ್ಬಿನ ತಲೆಗಳಿಗೆ ಹೆಚ್ಚಾಗಿ ಬಳಸುವ ಉಕ್ಕಿನ ದರ್ಜೆ 1020, 1025 ಅಥವಾ ಜಪಾನಿನ ಲೆಕ್ಕದಲ್ಲಿ ಎಸ್20ಸಿ, ಎಸ್25ಸಿ. ಇದರಲ್ಲಿ ಜಪಾನಿನವರ ಕೈ ಚೆನ್ನಾಗಿ ಪಳಗಿದೆ. ಮಿಜುನೊ ಕಂಪನಿಯ ಫೋರ್ಜ್ಡ್ ಐರನ್‌ಗಳನ್ನು ಬಡಿಯುವುದು ಹಿರೋಷಿಮಾದಲ್ಲಿ. ಮಿಯುರಾ ಕಂಪನಿ ಹಿಮೇಜಿಯದು.

ಫೋರ್ಜ್ಡ್ ಬೆಣ್ಣೆ ಹಾಗಿರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಚೆಂಡು ಮುಖಕ್ಕೆ ತಾಗಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಕೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ನಾವು ಮೆತ್ತಗೆ ಅನ್ನುವುದರಲ್ಲಿ ದೊಡ್ಡ ಪಾಲು ಕಿವಿಗೆ ಬಿದ್ದ ಸದ್ದು. ಆ ಸದ್ದಿಗೆ ಕಾರಣ ತಲೆಯ ಆಕಾರ, ಮುಖದ ದಪ್ಪ. ನನಗೆ ಬೇಕಾಗಿದ್ದದ್ದು ಆ ಉಕ್ಕಿನ ಇನ್ನೊಂದು ಗುಣ. ಅದು ಬಗ್ಗುತ್ತದೆ. 2–3 ಡಿಗ್ರಿ ಆರಾಮವಾಗಿ ಬಗ್ಗುತ್ತದೆ, ಬಗ್ಗಿಸಿದ ಮೇಲೆ ಬೇಡ ಅಂದರೆ ವಾಪಸ್ ಬರುತ್ತದೆ.

ಕೊಳ್ಳುವವರು ಒಂದು ವಿಷಯ ಕೇಳಿ ತಿಳಿಯಬೇಕು. ಫೋರ್ಜ್ಡ್ ಅಂತ ಕೆತ್ತಿದ್ದೆಲ್ಲಾ ಪೂರ್ತಿ ಬಡಿದದ್ದಲ್ಲ. ಕೆಲವು ಐರನ್‌ಗಳಲ್ಲಿ ಮುಖದ ತಗಡು ಮಾತ್ರ ಫೋರ್ಜ್ಡ್, ಮೈ ಎರಕದ್ದು. ಬಗ್ಗಬೇಕಾದದ್ದು ಕುತ್ತಿಗೆ. ಕುತ್ತಿಗೆ ಎರಕದ್ದಾದರೆ ಆ ಹೆಸರಿನಿಂದ ನಮಗೆ ಬಂದ ಲಾಭ ಏನು? ಒಂದೇ ತುಂಡಿನಿಂದ ಕುತ್ತಿಗೆ ಸಮೇತ ಬಡಿದದ್ದಾ ಅಂತ ನೇರವಾಗಿ ಕೇಳಿ.

ಹಿಂಭಾಗ ತುಂಬಿರುವ ಬ್ಲೇಡ್ ಬೇಕೋ, ಟೊಳ್ಳಾದ ಕ್ಯಾವಿಟಿ ಬೇಕೋ ಅನ್ನುವುದನ್ನು ನಾನು ಆಸೆಗೆ ಬಿಡಲಿಲ್ಲ. ಬ್ಲೇಡ್ ನೋಡಲು ಚೆಂದ, ನನಗೂ ಬಹಳ ಇಷ್ಟ. ಆದರೆ ಐರನ್ ಮುಖಕ್ಕೆ ಬಿಳಿ ಪೌಡರ್ ಸ್ಪ್ರೇ ಹೊಡೆದು ಇಪ್ಪತ್ತು ಚೆಂಡು ಹೊಡೆದಾಗ, ಗುರುತುಗಳು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಸೇರಲಿಲ್ಲ, ತುದಿಯ ಕಡೆಗೆ ಹರಡಿದ್ದವು. ನನ್ನ ಹ್ಯಾಂಡಿಕ್ಯಾಪ್ 16, ಅಂದರೆ ಸಾಧಾರಣ ಆಟಗಾರ. ಹಿಂಭಾಗ ಟೊಳ್ಳು ತೆಗೆದು ತೂಕವನ್ನು ಅಂಚಿಗೆ ಹಾಕಿದ, ನಡುವೆ ತಾಗದ ಹೊಡೆತವನ್ನೂ ಸಹಿಸುವ ಕ್ಯಾವಿಟಿಯೇ ಸರಿ ಅಂತ ಅಲ್ಲೇ ತೀರ್ಮಾನವಾಯಿತು.

ಫಿಟ್ಟಿಂಗ್, ಅಂದರೆ ಕ್ಲಬ್ಬನ್ನು ನನ್ನ ಮೈಗೆ ಹೊಂದಿಸುವ ಕೆಲಸ, ಮಾಡಿಸಿದ್ದು ಎರಡು ದಿನ. ಮೊದಲ ದಿನ ಹಳೆಯ 7 ಐರನ್ ಮತ್ತು ನಾನು ಯಾವಾಗಲೂ ಆಡುವ ಚೆಂಡು ಒಂದು ಡಜನ್ ಒಯ್ದೆ. ಅಭ್ಯಾಸದ ರೇಂಜಿನ ಹಳೇ ಚೆಂಡುಗಳಲ್ಲಿ ತಿರುಗುವಿಕೆಯ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಹೊಡೆತ ಅಳೆಯುವ ಯಂತ್ರದಲ್ಲಿ ಹಳೆಯ ಕ್ಲಬ್ಬಿನ ಅಂಕಿಗಳು ಹೀಗಿದ್ದವು: ಕ್ಲಬ್ಬಿನ ವೇಗ ಗಂಟೆಗೆ 78 ಮೈಲಿ, ಗಾಳಿಯಲ್ಲಿ ಹೋದದ್ದು 148 ಯಾರ್ಡ್, ತಿರುಗುವಿಕೆ ನಿಮಿಷಕ್ಕೆ 4,700 ಸುತ್ತು, ಇಳಿಯುವ ಕೋನ 39 ಡಿಗ್ರಿ. ದೂರ ನೋಡಿ ಖುಷಿಯಾಯಿತು. ಇಳಿಯುವ ಕೋನ ನೋಡಿ ವಿಷಯ ಅರ್ಥವಾಯಿತು. ಅಷ್ಟು ಚಪ್ಪಟೆಯಾಗಿ ಇಳಿದ ಚೆಂಡು ಗ್ರೀನಿನ ಮೇಲೆ ನಿಲ್ಲುವುದಿಲ್ಲ, ಮುಂದಕ್ಕೆ ಓಡಿಬಿಡುತ್ತದೆ. 45 ಡಿಗ್ರಿಯ ಹತ್ತಿರ ಇಳಿದರೆ ನಿಲ್ಲುತ್ತದೆ.

ಕಾರಣ ಲಾಫ್ಟ್, ಅಂದರೆ ಮುಖದ ವಾಲು. ಹಿಂದೆ 7 ಐರನ್ ಅಂದರೆ 34–35 ಡಿಗ್ರಿ ಇರುತ್ತಿತ್ತು. ಈಗ ದೂರಕ್ಕಾಗಿ ಮಾಡುವ ಸೆಟ್ಟುಗಳಲ್ಲಿ ಅದು 28–29ಕ್ಕೆ ಇಳಿದಿದೆ. ತಳದಲ್ಲಿ 7 ಅಂತ ಬರೆದಿರುತ್ತದೆ, ಹಳೇ ಲೆಕ್ಕದಲ್ಲಿ ಅದು 5 ಐರನ್ನಿನ ಹತ್ತಿರ. ನಾನು ಆರಿಸಿದ್ದು 33 ಡಿಗ್ರಿಯ ತಲೆ. ದೂರ 148ರಿಂದ 142ಕ್ಕೆ ಬಂತು, ತಿರುಗುವಿಕೆ 6,100ಕ್ಕೆ ಏರಿತು, ಇಳಿಯುವ ಕೋನ 45 ಆಯಿತು. ಆರು ಯಾರ್ಡ್ ಬಿಟ್ಟುಕೊಟ್ಟು ಚೆಂಡು ನಿಲ್ಲುವುದನ್ನು ಪಡೆದೆ. ಇದು ಒಳ್ಳೆಯ ವ್ಯಾಪಾರ ಅಂತ ಇವತ್ತಿಗೂ ಅನಿಸುತ್ತದೆ.

ಬೆಂಗಳೂರಿನವರಿಗೆ ಇಲ್ಲಿ ಒಂದು ಮಾತು. ನಾವಿರುವುದು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲೆ. ಗಾಳಿ ತೆಳು, ಚೆಂಡು ಜಾಸ್ತಿ ಹೋಗುತ್ತದೆ. 150 ಯಾರ್ಡ್ ಹೊಡೆತಕ್ಕೆ ಸುಮಾರು 5 ಯಾರ್ಡ್ ವ್ಯತ್ಯಾಸ. ಯಂತ್ರ ತೋರಿಸುವ ಅಂಕಿ ಇಲ್ಲಿನ ಗಾಳಿಯದೋ, ಸಮುದ್ರ ಮಟ್ಟಕ್ಕೆ ಹೊಂದಿಸಿದ್ದೋ ಅಂತ ಮೊದಲೇ ಕೇಳಿಕೊಳ್ಳಿ. ಚೆನ್ನೈಗೋ ಮಂಗಳೂರಿಗೋ ಹೋದವರು ಕ್ಲಬ್ಬು ಕೆಟ್ಟಿತು ಅಂದುಕೊಳ್ಳುವುದು ಇದೇ ಕಾರಣಕ್ಕೆ.

ಎರಡನೇ ದಿನ ಶಾಫ್ಟ್, ಅಂದರೆ ಕ್ಲಬ್ಬಿನ ಕಡ್ಡಿ. ನನ್ನ ಹಳೆಯ ಸೆಟ್ಟಿನಲ್ಲಿ ಡೈನಾಮಿಕ್ ಗೋಲ್ಡ್ ಅನ್ನುವ ಗಡಸು ಶಾಫ್ಟ್ ಇತ್ತು, ಸುಮಾರು 130 ಗ್ರಾಂ. ಎತ್ತರದ ಆಳು, ಭಾರದ ಶಾಫ್ಟ್ ಬೇಕು ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಈಗ ನನಗೆ 51. ಹನ್ನೆರಡನೇ ಹೋಲ್ ದಾಟಿದ ಮೇಲೆ ತೋಳು ಸೋಲುತ್ತದೆ. ಫಿಟ್ಟರ್ ನಿಪ್ಪಾನ್ ಕಂಪನಿಯ ಎನ್‌ಎಸ್ ಪ್ರೊ 950ಜಿಎಚ್ ಕೊಟ್ಟರು, 100 ಗ್ರಾಂ ಒಳಗೆ. ಮೊದಲ ಹತ್ತು ಚೆಂಡಿನಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನಾನು ಇನ್ನೂ ನಲವತ್ತು ಹೊಡೆಯುತ್ತೇನೆ, ಸುಸ್ತಾದ ಮೇಲೆ ಹೋಲಿಸೋಣ ಅಂದೆ. ಆಗ ಗೊತ್ತಾಯಿತು. ಭಾರದ ಶಾಫ್ಟಿನ ಚೆಂಡುಗಳು ಎಲ್ಲೆಂದರಲ್ಲಿ ಚೆದುರಿದ್ದವು, ಹಗುರದ್ದು ಒಂದು ಕೋಣೆಯಷ್ಟು ಅಗಲದಲ್ಲೇ ಬೀಳುತ್ತಿತ್ತು. ಶಾಫ್ಟ್ ಆರಿಸುವಾಗ ಅತಿ ದೂರ ಹೋದ ಒಂದು ಹೊಡೆತ ನೋಡಬೇಡಿ, ಹತ್ತು ಹೊಡೆತ ಎಷ್ಟು ಹರಡಿವೆ ಅಂತ ನೋಡಿ.

ಉದ್ದಕ್ಕೆ ಮಣಿಕಟ್ಟಿನಿಂದ ನೆಲದವರೆಗೆ ಅಳೆದರು, ನನ್ನದು 37 ಇಂಚು. ಅರ್ಧ ಇಂಚು ಜಾಸ್ತಿ ಮಾಡೋಣ ಅಂದರು. ಉದ್ದ ಮಾಡಿದರೆ ಕ್ಲಬ್ಬು ಬೀಸುವಾಗ ತಲೆ ಭಾರ ಅನಿಸುತ್ತದೆ. ಅದನ್ನು ಸ್ವಿಂಗ್ ವೇಟ್ ಅಂತ ಅಳೆಯುತ್ತಾರೆ. ಅರ್ಧ ಇಂಚಿಗೆ 3 ಅಂಕ ಏರುತ್ತದೆ. ಆದರೆ ಶಾಫ್ಟ್ 30 ಗ್ರಾಂ ಹಗುರವಾಗಿದ್ದರಿಂದ ಅಷ್ಟೇ ಇಳಿಯಿತು. ಆ ಅಳತೆಯಲ್ಲಿ ಡಿ2 ಇದ್ದದ್ದು ಡಿ2 ಆಗೇ ಉಳಿಯಿತು. ತಲೆಯೊಳಗೆ ತೂಕ ಸೇರಿಸುವ ತಾಪತ್ರಯವೇ ಬರಲಿಲ್ಲ. ಗ್ರಿಪ್ ಮಾಮೂಲಿ ರಬ್ಬರಿನದು, ಕೆಳಗೆ ಎರಡು ಸುತ್ತು ಟೇಪ್ ಹೆಚ್ಚಿಗೆ. ನನ್ನ ಬೆರಳು ಉದ್ದ, ಅಷ್ಟೇ.

ಇನ್ನು ಲೈ. ಚೆಂಡಿನ ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಲ್ಲುವಂತೆ, ಐರನ್ ಮುಖಕ್ಕೆ ಎದುರಾಗಿ ಇಟ್ಟು ಹೊಡೆಯಬೇಕು. ಗೆರೆಯ ಅಚ್ಚು ಮುಖದ ಮೇಲೆ ಬೀಳುತ್ತದೆ. ಮುಖದ ಗೀರುಗಳಿಗೆ ಅದು ನೇರವಾಗಿ ಅಡ್ಡ ನಿಂತರೆ ಲೈ ಸರಿ. ಗೆರೆಯ ಮೇಲ್ತುದಿ ಹಿಮ್ಮಡಿಯ ಕಡೆಗೆ ವಾಲಿದರೆ ಕ್ಲಬ್ಬು ನಮಗೆ ಚಪ್ಪಟೆ, ಕಡ್ಡಿ ಇನ್ನೂ ನೆಟ್ಟಗಾಗಬೇಕು. ತುದಿಯ ಕಡೆಗೆ ವಾಲಿದರೆ ಅದಕ್ಕೆ ತದ್ವಿರುದ್ಧ. ನನ್ನದು ಹಿಮ್ಮಡಿಯ ಕಡೆಗೆ ಚೆನ್ನಾಗಿಯೇ ವಾಲಿತ್ತು. 3 ಡಿಗ್ರಿ ನೆಟ್ಟಗೆ ಅಂತ ಬರೆದುಕೊಂಡು ಆರ್ಡರ್ ಹಾಕಿದರು. ಇಂಥ ಸೆಟ್ಟಿಗೆ ಒಂದು ಲಕ್ಷದ ಮೇಲೆ ಆಗುತ್ತದೆ. ದುಡ್ಡು ಕೊಟ್ಟು ಆರು ವಾರ ಕಾದೆ.

ಸೆಟ್ ಬಂತು. ಮೊದಲ ಬೆಳಿಗ್ಗೆಯೇ 9 ಐರನ್ ಎಡಕ್ಕೆ ಹೋಯಿತು. ಮತ್ತೆ ಎಡಕ್ಕೆ. ಆರು ವರ್ಷದಲ್ಲಿ ನನ್ನ ಐರನ್ ಎಡಕ್ಕೆ ಹೋಗಿದ್ದೇ ಇಲ್ಲ. ಡಿವಟ್ ನೋಡಿದೆ, ಈಗ ನನ್ನ ಕಾಲಿನ ಕಡೆ ಆಳ. ಮನೆಗೆ ಬಂದು ಫಿಟ್ಟಿಂಗಿನ ಕಾಗದ ಹರಡಿಕೊಂಡು ಕೂತಾಗ ತಪ್ಪು ಸಿಕ್ಕಿತು. ಗೆರೆಯ ಪರೀಕ್ಷೆ ಮಾಡುವಾಗ ನನ್ನ ಕೈಲಿದ್ದದ್ದು ಮಾಮೂಲಿ ಉದ್ದದ ಡೆಮೊ ಕ್ಲಬ್. ಮಾಡಿಸಿದ್ದು ಅರ್ಧ ಇಂಚು ಉದ್ದದ್ದು. ಉದ್ದ ಹೆಚ್ಚಾದರೆ ಬೇರೇನೂ ಮಾಡದೆ ಕ್ಲಬ್ಬು ಒಂದು ಡಿಗ್ರಿಯಷ್ಟು ನೆಟ್ಟಗಾದಂತೆ ಆಡುತ್ತದೆ. ಅದು ಒಂದು, ಬಗ್ಗಿಸಿದ್ದು 3, ಒಟ್ಟು 4. ನನಗೆ ಬೇಕಾದದ್ದು 3. ಉದ್ದ, ಶಾಫ್ಟ್ ಎಲ್ಲ ಗಟ್ಟಿ ಮಾಡಿಕೊಂಡು, ಅದೇ ಉದ್ದದ ಕ್ಲಬ್ಬಿನಲ್ಲಿ, ಸಾಧ್ಯವಾದರೆ ಹುಲ್ಲಿನ ಮೇಲೆ, ಲೈ ಕೊನೆಗೆ ನೋಡಬೇಕಿತ್ತು. ಫಿಟ್ಟರಿಗೂ ಆವತ್ತು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬೇರೆ ಸೆಟ್ ಆಗಿದ್ದರೆ ಇಲ್ಲಿಗೆ ಕಥೆ ಮುಗಿಯುತ್ತಿತ್ತು. ಇದು ಮೆತ್ತನೆಯ ಉಕ್ಕು. ಬ್ಯಾಗ್ ತೆಗೆದುಕೊಂಡು ವಾಪಸ್ ಹೋದೆ, ಬಗ್ಗಿಸುವಾಗ ಪಕ್ಕದಲ್ಲೇ ನಿಂತು ನೋಡಿದೆ. ತಲೆಯನ್ನು ವೈಸ್‌ನಲ್ಲಿ ಕೂರಿಸಿ, ಮುಖಕ್ಕೆ ಗಾಯವಾಗದಂತೆ ಹಿತ್ತಾಳೆ ತುಂಡು ಕೊಟ್ಟು ಬಿಗಿದರು. ಮೊಣಕೈ ಉದ್ದದ ಒಂದು ಕಬ್ಬಿಣದ ಸಲಾಕೆ, ಅದರ ತುದಿಯಲ್ಲಿ ಕುತ್ತಿಗೆ ಹಿಡಿಯುವ ಬಾಯಿ. ಅದನ್ನು ಸಿಕ್ಕಿಸಿ, ಜರ್ಕ್ ಕೊಡದೆ, ಮೈಭಾರ ನಿಧಾನವಾಗಿ ಹಾಕಿದರು. ಸದ್ದೇ ಇಲ್ಲ. ಗೇಜ್ ನೋಡಿದರು, ಅರ್ಧ ಡಿಗ್ರಿ ಮಾತ್ರ ಬಂದಿತ್ತು. ಉಕ್ಕು ಬಗ್ಗಿದ ಮೇಲೆ ಸ್ವಲ್ಪ ವಾಪಸ್ ಚಿಮ್ಮುತ್ತದೆ, ಬೇಕಾದದ್ದಕ್ಕಿಂತ ಕೂದಲಷ್ಟು ಮುಂದೆ ಒಯ್ದು ಬಿಡಬೇಕು. ಎರಡನೇ ಸಲ ಸರಿಯಾಗಿ ನಿಂತಿತು. ಕುತ್ತಿಗೆಯ ಬುಡದಲ್ಲಿ ಕ್ರೋಮ್ ಮೇಲೆ ಒಂದು ಗೆರೆಯೂ ಏಳಲಿಲ್ಲ. ಪ್ರತಿ ಸಲ ಲೈ ಬಗ್ಗಿಸಿದ ಮೇಲೂ ಲಾಫ್ಟ್ ಅಳೆದರು. ಒಂದನ್ನು ಬಗ್ಗಿಸುವಾಗ ಇನ್ನೊಂದು ಜರುಗುವುದುಂಟು, ಲಾಫ್ಟ್ ಒಂದು ಡಿಗ್ರಿ ಕಮ್ಮಿಯಾದರೆ ತಳದ ಉಬ್ಬಿನ ಕೋನ, ಅಂದರೆ ಬೌನ್ಸ್, ಕೂಡ ಒಂದು ಡಿಗ್ರಿ ಕಮ್ಮಿಯಾಗಿ ಕ್ಲಬ್ಬು ನೆಲಕ್ಕೆ ಕಚ್ಚತೊಡಗುತ್ತದೆ. 5 ಐರನ್ನಿಂದ ವೆಜ್ಜಿನವರೆಗೆ ಆರು ಕ್ಲಬ್ಬಿಗೆ ಅರ್ಧ ಗಂಟೆ ಹಿಡಿಯಿತು. ಮರುದಿನ ಹುಲ್ಲಿನ ಮೇಲೆ ಗೆರೆಯ ಅಚ್ಚು ನೆಟ್ಟಗೆ ಬಿತ್ತು.

ಬಗ್ಗುವ ಉಕ್ಕು ತಾನಾಗಿಯೂ ಬಗ್ಗುತ್ತದೆ. ಮ್ಯಾಟ್ ಮೇಲೆ ದಿನಾ ಹೊಡೆಯುವವರಿಗೆ ಬೇಗ. ನಾನು ವರ್ಷಕ್ಕೊಮ್ಮೆ, ಮಳೆಗಾಲ ಶುರುವಾಗುವ ಮುಂಚೆ, ಎಲ್ಲವನ್ನೂ ಗೇಜಿಗೆ ಹಾಕಿಸುತ್ತೇನೆ. ಪ್ರತಿ ಕ್ಲಬ್ಬಿನ ಲಾಫ್ಟು, ಲೈ ಬರೆದ ಚೀಟಿ ಬ್ಯಾಗಿನ ಪಕ್ಕದ ಜೇಬಿನಲ್ಲೇ ಇದೆ. ಈ ಸಲ 5, 6, 7, 8 ಸರಿಯಿದ್ದವು. ಹೆಚ್ಚು ಬಳಸುವ 9 ಐರನ್ ಮತ್ತು ವೆಜ್ ಒಂದೊಂದು ಡಿಗ್ರಿ ಜರುಗಿದ್ದವು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಎರಡನ್ನೂ ಚೀಟಿಯಲ್ಲಿದ್ದ ಹಾಗೇ ಕೂರಿಸಿ ಕೊಟ್ಟರು.