ಇಂಗಾಲದ ನ್ಯಾನೊ ಕೊಳವೆಗೆ ಪ್ಲಾಸ್ಮಾ: ಎಷ್ಟು ಹೊತ್ತು ಸಾಕು?

ಅಮೋನಿಯಾ ಪತ್ತೆಹಚ್ಚುವ ಸಂವೇದಕಕ್ಕಾಗಿ ಇಂಗಾಲದ ನ್ಯಾನೊ ಕೊಳವೆಗಳನ್ನು ಆರಿಸಿಕೊಂಡಾಗ ನನಗೆ ಎದುರಾದ ಮೊದಲ ತೊಡಕು ಅವುಗಳ ಮೇಲ್ಮೈಯದೇ ಆಗಿತ್ತು. ಷಟ್ಕೋನಗಳ ಜಾಲದಲ್ಲಿ ಪರಮಾಣುಗಳು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಅನಿಲದ ಅಣುಗಳಿಗೆ ಅಲ್ಲಿ ಗಟ್ಟಿಯಾದ ನೆಲೆ ಸಿಗುವುದಿಲ್ಲ. ಅಂಥ ನೆಲೆಗಳನ್ನು ಮೂಡಿಸಲು, ಬಿಸಿ ನೈಟ್ರಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸುವ ಹಳೆಯ ಕ್ರಮ ಬಿಟ್ಟು, ನಾನು ಆಮ್ಲಜನಕದ ಪ್ಲಾಸ್ಮಾ, ಅಂದರೆ ವಿದ್ಯುತ್ತಿನ ಬಲದಿಂದ ಅಯಾನುಗಳಾಗಿ ಒಡೆದ ಅನಿಲ, ಬಳಸಿದೆ.

ಕೊಳವೆಗಳ ಪುಡಿಯನ್ನು ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ಎಂಬ ದ್ರಾವಕದಲ್ಲಿ, ಶ್ರವಣಾತೀತ ಅಲೆ ಹಾಯಿಸುವ ಸೋನಿಕೇಟರ್‌ನಿಂದ ಚದುರಿಸಿ, ಎರಡು ಬಾಚಣಿಗೆಗಳ ಹಲ್ಲುಗಳನ್ನು ಎದುರುಬದುರಾಗಿ ಸೇರಿಸಿದಂತಿರುವ ಚಿನ್ನದ ಎಲೆಕ್ಟ್ರೋಡುಗಳ ಮೇಲೆ ಹನಿಬಿಟ್ಟು ಒಣಗಿಸಿದೆ. 13.56 ಮೆಗಾಹರ್ಟ್ಸ್ ಆವರ್ತನದ ಪ್ಲಾಸ್ಮಾ ಯಂತ್ರದಲ್ಲಿ ಮೊದಲ ಚಿಪ್ಪನ್ನು (ಎಲೆಕ್ಟ್ರೋಡುಗಳಿರುವ ಗಾಜಿನ ಬಿಲ್ಲೆಯನ್ನು) 100 ವ್ಯಾಟಿನಲ್ಲಿ 5 ನಿಮಿಷ ಇಟ್ಟೆ. ಹೊರತೆಗೆದಾಗ ಕಪ್ಪು ಪದರ ತೆಳುವಾಗಿ ಅಡಿಯ ಗಾಜು ಕಾಣುತ್ತಿತ್ತು; ವಿದ್ಯುತ್ ರೋಧವಂತೂ ಮೀಟರಿನ ಮಿತಿಯನ್ನೇ ದಾಟಿತ್ತು. ಮೈಯನ್ನು ಚುರುಕುಗೊಳಿಸಬೇಕಿದ್ದ ಆಮ್ಲಜನಕ ಇಂಗಾಲವನ್ನೇ ಸುಟ್ಟು ಅನಿಲವಾಗಿಸಿತ್ತು.

ಆಮೇಲೆ 20 ವ್ಯಾಟಿಗೆ ಇಳಿಸಿ, 30 ಸೆಕೆಂಡಿಗೊಮ್ಮೆ ನಿಲ್ಲಿಸಿ, ಪ್ರತಿ ಸಲವೂ ರೋಧ ಅಳೆದೆ. ಮೊದಲು ಮಣಿಯಂತೆ ನಿಲ್ಲುತ್ತಿದ್ದ ನೀರಿನ ಹನಿ ಪದರದ ಮೇಲೆ ಹರಡಿಕೊಂಡಾಗ, ಆಮ್ಲಜನಕವಿರುವ ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್‌ನಂಥ ಗುಂಪುಗಳು ಕೂತಿವೆ ಎಂಬ ಮೊದಲ ಸುಳಿವು ಸಿಕ್ಕಿತು. ರಾಮನ್ ರೋಹಿತದಲ್ಲಿ (ಲೇಸರ್ ಬೆಳಕು ವಸ್ತುವಿನಿಂದ ಚದುರುವ ಬಗೆಯನ್ನು ತೋರುವ ನಕ್ಷೆ), ಪ್ರತಿ ಸೆಂಟಿಮೀಟರಿಗೆ 1350 ಅಲೆಗಳ ಸುಮಾರಿನಲ್ಲಿ ದೋಷಗಳಿಂದ ಏಳುವ ಡಿ ಶಿಖರವು 1580ರ ಸುಮಾರಿನಲ್ಲಿ ಷಟ್ಕೋನ ಜಾಲದಿಂದ ಏಳುವ ಜಿ ಶಿಖರದ ಎದುರು ಏರುತ್ತಾ ಹೋದರೆ ಜಾಲದಲ್ಲಿ ದೋಷಗಳು ಹೆಚ್ಚುತ್ತಿವೆ ಎಂದರ್ಥ. ಸ್ವಲ್ಪ ದೋಷ ಬೇಕು, ಅತಿಯಾದರೆ ವಿದ್ಯುತ್ತಿನ ದಾರಿಯೇ ಕಡಿಯುತ್ತದೆ. ಆದ್ದರಿಂದ ರೋಧ ಥಟ್ಟನೆ ಏರತೊಡಗುವ ಮೊದಲೇ ನಿಲ್ಲಿಸುವುದು ನನ್ನ ಪದ್ಧತಿಯಾಯಿತು.

ಗಾಳಿಯಲ್ಲಿರುವ ಕೊಳವೆಗಳು ಪಿ-ಮಾದರಿಯ ಅರೆವಾಹಕದಂತೆ ವರ್ತಿಸುತ್ತವೆ; ಅಂದರೆ ಎಲೆಕ್ಟ್ರಾನು ಇಲ್ಲದ ಖಾಲಿ ಜಾಗಗಳೇ ಅವುಗಳಲ್ಲಿ ವಿದ್ಯುತ್ತನ್ನು ಸಾಗಿಸುತ್ತವೆ. ಅಮೋನಿಯಾ ಎಲೆಕ್ಟ್ರಾನು ಕೊಟ್ಟು ಆ ಜಾಗಗಳನ್ನು ತುಂಬುವುದರಿಂದ ಕೊಳವೆಗಳ ರೋಧ ಏರುತ್ತದೆ, ನೈಟ್ರೋಜನ್ ಡೈಆಕ್ಸೈಡ್ ಎಲೆಕ್ಟ್ರಾನು ಸೆಳೆಯುವುದರಿಂದ ಇಳಿಯುತ್ತದೆ. ನನ್ನ ಚಿಪ್ಪಿನಲ್ಲಿ ಅಮೋನಿಯಾಕ್ಕೆ ಪ್ರತಿಕ್ರಿಯೆ ಸ್ಪಷ್ಟವಾಗಿ ಹೆಚ್ಚಿತು, ಆದರೆ ಅನಿಲ ನಿಲ್ಲಿಸಿದ ಮೇಲೆ ರೋಧ ಮೂಲಸ್ಥಿತಿಗೆ ಮರಳುವುದು ತೀರ ನಿಧಾನವಾಯಿತು. ಪ್ರತಿ ಸುತ್ತಿನ ನಂತರ ಚಿಪ್ಪನ್ನು ಹದವಾಗಿ ಬಿಸಿಮಾಡಬೇಕಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ತೇವಾಂಶ. ಅಮೋನಿಯಾವನ್ನು ಹಿಡಿಯುವ ಗುಂಪುಗಳೇ ನೀರಿನ ಆವಿಯನ್ನೂ ಹಿಡಿಯುತ್ತವೆ. ಮಳೆ ಬಂದ ದಿನದ ಅಳತೆ ಒಣ ದಿನದ ಅಳತೆಗೆ ಹೊಂದದೆ ಹೋದಾಗ, ಅದನ್ನು ಅನಿಲದ ಪ್ರಭಾವವೆಂದೇ ಕೆಲವು ದಿನ ತಪ್ಪಾಗಿ ಓದಿಕೊಂಡಿದ್ದೆ. ಈಗ ಒಣ ಗಾಳಿಯಲ್ಲಿ ಒಮ್ಮೆ, ಗೊತ್ತಾದ ತೇವಾಂಶದಲ್ಲಿ ಒಮ್ಮೆ ಅಳೆಯುತ್ತೇನೆ; ಪ್ಲಾಸ್ಮಾ ಕಾಣದ ಜೋಡಿ ಚಿಪ್ಪೊಂದನ್ನು ಪಕ್ಕದಲ್ಲೇ ಇಡುತ್ತೇನೆ. ಸಂಸ್ಕರಿಸಿದ ಮೇಲ್ಮೈ ದಿನ ಕಳೆದಂತೆ ಬದಲಾಗುವುದರಿಂದ, ಪ್ಲಾಸ್ಮಾ ಮುಗಿದ ಗಂಟೆಯನ್ನು ಪ್ರತಿ ಚಿಪ್ಪಿನ ಡಬ್ಬಿಯ ಮೇಲೆ ಬರೆದಿಡುತ್ತೇನೆ.