ಹಳೆಯ ಗಿಟಾರಿನ ವೈರಿಂಗ್: ಪಿಕಪ್‌ಗೆ ಕೊನೆಯಲ್ಲಿ ಕೈ ಹಾಕಿ

ಹಳೆಯ ಎಲೆಕ್ಟ್ರಿಕ್ ಗಿಟಾರು ಕೈಗೆ ಬಂದವರೆಲ್ಲ ಮೊದಲು ಕೇಳುವುದು "ಯಾವ ಹೊಸ ಪಿಕಪ್ ಹಾಕಲಿ?" ಎಂದೇ. ಐವತ್ತು ಅರವತ್ತು ವರ್ಷದ ವಾದ್ಯದ ಧ್ವನಿ ಮಂಕಾಗಿದ್ದರೆ ಅದರ ಕಾರಣ ಹೆಚ್ಚಾಗಿ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ ಮತ್ತು ಸುರುಳಿಯ) ಆಚೆಗಿರುತ್ತದೆ: ಸವೆದ ವಾಲ್ಯೂಮ್ ಪಾಟ್ (ಗುಂಡಿ ತಿರುಗಿಸಿದಂತೆ ಬದಲಾಗುವ ರೋಧಕ), ಬಿಟ್ಟುಹೋದ ಬೆಸುಗೆ, ಕಿಲುಬು ಹಿಡಿದ, ಕೇಬಲ್ ಚುಚ್ಚುವ ಜ್ಯಾಕ್, ಎಲ್ಲಿಗೂ ಸೇರದ ಅರ್ಥಿಂಗ್ ತಂತಿ. ಇವನ್ನು ಸರಿಪಡಿಸುವ ಮೊದಲೇ ಮೂಲ ಪಿಕಪ್ ಕಿತ್ತು ಹಾಕಿದವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಸುರುಳಿಯನ್ನು ಯಾರೋ ಒಬ್ಬರು ಕೂದಲಿಗಿಂತ ದಪ್ಪವಲ್ಲದ ತಾಮ್ರದ ತಂತಿಯಿಂದ ಸುತ್ತಿರುತ್ತಾರೆ. ಅದು ಮತ್ತೆ ಸಿಗುವುದಿಲ್ಲ.

ಬೀದರಿನ ಮಂಗಲಪೇಟೆಯಲ್ಲಿ ನನ್ನ ಮನೆಯ ಮೇಜಿನ ಮೇಲೆ ಈಗ ಇರುವುದು 1960ರ ದಶಕದ ಜಪಾನಿನ ಟೀಸ್ಕೋ ಗಿಟಾರು. ಆ ಕಂಪನಿಯನ್ನು 1967ರಲ್ಲಿ ಕವಾಯ್ ಕೊಂಡಿತು. ಇದರಲ್ಲಿರುವುದು ಚಿನ್ನದ ಬಣ್ಣದ ಹಾಳೆ ಕಾಣುವ ಎರಡು ಗೋಲ್ಡ್ ಫಾಯಿಲ್ ಪಿಕಪ್‌ಗಳು. ಒಂದು ಕಾಲಕ್ಕೆ ಅಗ್ಗದ ಮಾಲು ಎಂದು ಬದಿಗಿಟ್ಟಿದ್ದ ಇವನ್ನು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತಮ್ಮ ಸ್ಟ್ರಾಟೋಕಾಸ್ಟರ್ ಗಿಟಾರಿಗೆ ಹಾಕಿಕೊಂಡರು. ನಮ್ಮ ಮೋಹನ ವೀಣೆಯ ವಿಶ್ವಮೋಹನ ಭಟ್ಟರೊಂದಿಗೆ ನುಡಿಸಿದವರು ಅವರೇ. ಇಂದು ಈ ಪಿಕಪ್‌ಗಳನ್ನು ಜನ ಹುಡುಕಿಕೊಂಡು ಹೋಗುತ್ತಾರೆ.

ತಿರುಪು ಬಿಚ್ಚುವ ಮೊದಲೇ ಅಳತೆ ಮಾಡಿ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಮತ್ತು ಟೋನ್ ಪೂರ್ತಿ ಏರಿಸಿ, ಕೇಬಲ್ಲಿನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಆದರೆ ಸಾಮಾನ್ಯವಾಗಿ 5ರಿಂದ 7 ಕಿಲೋ ಓಮ್, ಹಂಬಕರ್ (ಗುಂಗು ಕಳೆಯಲು ಎರಡು ಸುರುಳಿ ಜೋಡಿಸಿದ್ದು) ಆದರೆ 7ರಿಂದ 9 ಕಿಲೋ ಓಮ್ ಆಸುಪಾಸು ತೋರಿಸುತ್ತದೆ. 250 ಅಥವಾ 500 ಕಿಲೋ ಓಮ್ ಎಂದು ತೋರಿಸಿದರೆ ಸುರುಳಿ ಎಲ್ಲೋ ತುಂಡಾಗಿದೆ, ಮೀಟರ್ ಓದುತ್ತಿರುವುದು ಪಾಟ್ ಅನ್ನು ಮಾತ್ರ ಎಂದು ತಿಳಿಯಿರಿ. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ. ನಮ್ಮ ಕಡೆಯವರು ಒಂದು ವಿಷಯ ಗಮನಿಸಬೇಕು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡ ಏರುತ್ತದೆ. 20 ಡಿಗ್ರಿಯಲ್ಲಿ 6 ಕಿಲೋ ಓಮ್ ಇದ್ದ ಪಿಕಪ್ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯಲ್ಲಿ ಹತ್ತಿರ ಹತ್ತಿರ 6.5 ತೋರಿಸುತ್ತದೆ. ಪಿಕಪ್ ಕೆಟ್ಟಿದೆಯೆಂದೋ ಯಾರೋ ಮರುಸುತ್ತಿದ್ದಾರೆಂದೋ ಅದರಿಂದ ತೀರ್ಮಾನಿಸಬೇಡಿ. ಬೆಳಗಿನ ಜಾವದ ತಂಪಿನಲ್ಲಿ ಅಳೆಯಿರಿ.

ಆಮೇಲೆ ತೆರೆಯಿರಿ. ಪ್ರತಿ ಬೆಸುಗೆಯ ಫೋಟೊ ತೆಗೆಯಿರಿ, ಕೈಯಿಂದ ಚಿತ್ರವನ್ನೂ ಬರೆಯಿರಿ. ಫೋಟೊದಲ್ಲಿ ಒಂದರ ಹಿಂದೆ ಇನ್ನೊಂದು ತಂತಿ ಅಡಗಿರುತ್ತದೆ, ಚಿತ್ರ ಬರೆಯುವಾಗ ಮಾತ್ರ ಅದು ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತೇವೆ.

ಪಾಟ್ ಕರಕರ ಎನ್ನುತ್ತಿದ್ದರೆ ಬದಲಿಸುವ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಬೇಡ, ಅದು ಧೂಳು ಹಿಡಿದು ಮತ್ತೆ ಕಾಡುತ್ತದೆ. ಇದರಿಂದಲೂ ಸರಿಹೋಗದಿದ್ದರೆ ಹೊಸದು ಹಾಕಿ: ಸಿಂಗಲ್ ಕಾಯಿಲ್‌ಗೆ 250, ಹಂಬಕರ್‌ಗೆ 500 ಕಿಲೋ ಓಮ್, ವಾಲ್ಯೂಮಿಗೆ ಲಾಗ್ ಮಾದರಿ, ಅಂದರೆ ಎ ಅಕ್ಷರದ್ದು. ಮೌಲ್ಯ ಹೆಚ್ಚಾದಷ್ಟೂ ಧ್ವನಿ ಚೂಪಾಗುತ್ತದೆ. ಮಂಕು ಗಿಟಾರಿಗೆ ಪಾಟ್ ಬದಲಾವಣೆಯೇ ಎಷ್ಟೋ ಸಲ ಸಾಕು. ಬೀದರಿನಲ್ಲಿ ಸಿಗದ ಮೌಲ್ಯಗಳಿಗೆ ನಾನು ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋಗುತ್ತೇನೆ. ಪ್ರತಿ ಪಾಟ್ ಅನ್ನು ಅಂಗಡಿಯಲ್ಲಿಯೇ ಮೀಟರ್ ಹಿಡಿದು ಆರಿಸುತ್ತೇನೆ, ಏಕೆಂದರೆ ಮೇಲೆ ಬರೆದದ್ದಕ್ಕೂ ಒಳಗೆ ಇರುವುದಕ್ಕೂ 20 ಶೇಕಡದವರೆಗೆ ಅಂತರ ಇರಬಹುದು.

ಟೋನ್ ಕಂಡೆನ್ಸರ್ (ಟೋನ್ ಇಳಿಸಿದಾಗ ಧ್ವನಿಯ ಚೂಪು ತಗ್ಗಿಸುವ ಬಿಡಿಭಾಗ) ವಿಷಯದಲ್ಲಿ ದುಬಾರಿ ಹೆಸರುಗಳಿಗೆ ದುಡ್ಡು ಸುರಿಯಬೇಡಿ. ಕಿವಿಗೆ ಮುಟ್ಟುವುದು ಮೌಲ್ಯ. 0.022 ಮೈಕ್ರೋಫ್ಯಾರಡ್ ಅಂದರೆ 223 ಎಂದು ಅಚ್ಚಾದದ್ದು, 0.047 ಅಂದರೆ 473. ದೊಡ್ಡದಾದಷ್ಟೂ ಟೋನ್ ಇಳಿಸಿದಾಗ ಧ್ವನಿಯ ಮಂಕು ಹೆಚ್ಚು. ಗಿಟಾರಿನೊಳಗೆ ವೋಲ್ಟೇಜ್ ಬಹಳ ಕಡಿಮೆ, 50 ವೋಲ್ಟಿನ ಸಾಧಾರಣ ಕಂಡೆನ್ಸರ್ ಧಾರಾಳ. ವಾಲ್ಯೂಮ್ ಇಳಿಸಿದಾಗ ತೀಕ್ಷ್ಣತೆ ಹೋಗುತ್ತದೆ ಎನ್ನುವವರು ಪಾಟ್‌ನ ಒಳಬರುವ ಮತ್ತು ಹೊರಹೋಗುವ ಕಾಲುಗಳ ನಡುವೆ 0.001 ಮೈಕ್ರೋಫ್ಯಾರಡ್ ಕಂಡೆನ್ಸರನ್ನೂ 150 ಕಿಲೋ ಓಮ್ ರೆಸಿಸ್ಟರನ್ನೂ ಸಮಾಂತರವಾಗಿ ಸೇರಿಸಿ ನೋಡಬಹುದು.

ಪಾಟ್‌ನ ಬೆನ್ನಿಗೆ ಅರ್ಥ್ ಬೆಸೆಯುವಾಗ 25 ವ್ಯಾಟಿನ ಸಣ್ಣ ಬೆಸುಗೆ ಕಬ್ಬಿಣದಿಂದ ಹೆಣಗಬೇಡಿ. ನಿಧಾನವಾಗಿ ಕಾಯಿಸಿದಷ್ಟೂ ಒಳಗಿನ ಕಾರ್ಬನ್ ಪಟ್ಟಿ ಬೇಯುತ್ತದೆ. ಅಗಲ ಮೂತಿಯ 60 ವ್ಯಾಟಿನದು ಹಿಡಿದು ಎರಡು ಮೂರು ಕ್ಷಣದಲ್ಲಿ ಮುಗಿಸಿ. ಕಾಲುಗಳಿಗೆ ಮಾತ್ರ ಸಣ್ಣದು ಸಾಕು. ರೋಸಿನ್ (ಮರದ ರಾಳ) ಇರುವ 60/40 ತವರ-ಸೀಸದ ಬೆಸುಗೆ ಬಳಸಿ. ಪಾತ್ರೆ ಬೆಸೆಯುವ ಆಮ್ಲದ ಪೇಸ್ಟ್ ಬೇಡವೇ ಬೇಡ.

ಈಗ ನನಗೆ ಅತ್ಯಂತ ಪ್ರೀತಿಯ ಭಾಗ. ಈ ಟೀಸ್ಕೋದ ಪಾಟ್‌ಗಳು ಕೂರುವ ಲೋಹದ ತಟ್ಟೆ ತುಕ್ಕು ತಿಂದು ತೂತಾಗಿತ್ತು. ಅದರ ನಕಲನ್ನು ನಮ್ಮೂರಿನ ಬಿದ್ರಿ ಕುಶಲಕರ್ಮಿಯೊಬ್ಬರಿಂದ ಎರಕ ಹೊಯ್ಯಿಸಿದೆ. ಬಿದ್ರಿ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಅಯಸ್ಕಾಂತಕ್ಕೆ ಅದು ಅಂಟುವುದಿಲ್ಲ, ಆದರೆ ವಿದ್ಯುತ್ ಹರಿಯಬಿಡುತ್ತದೆ. ಪಾಟ್‌ಗಳ ಮೇಲೆ ಕೂತಾಗ ಆ ಗುಣ ಒಳ್ಳೆಯ ಕವಚವಾಗುತ್ತದೆ. ಆದರೆ ಅದೇ ಲೋಹದಿಂದ ಪಿಕಪ್‌ನ ಮುಚ್ಚಳ ಮಾಡಿಸಿದರೆ ತಂತಿಗಳ ಕಂಪನ ಅದರಲ್ಲಿ ಸುಳಿ ಪ್ರವಾಹ (ಲೋಹದೊಳಗೇ ಸುತ್ತುವ ವಿದ್ಯುತ್) ಎಬ್ಬಿಸಿ ಮೇಲಿನ ಸ್ವರಗಳ ಹೊಳಪನ್ನು ತಿಂದುಬಿಡುತ್ತದೆ. ಹಾಗಾಗಿ ಸುರುಳಿಯ ಮೇಲೆ ಬಿದ್ರಿ ಬೇಡ. ತೂತುಗಳನ್ನು ಬೆಳ್ಳಿ ತಂತಿ ಕೂರಿಸುವ ಮೊದಲೇ ಕೊರೆಯಲು ಹೇಳಿ, ಎರಕದ ಲೋಹ ಪೆಡಸು, ಆಮೇಲೆ ಡ್ರಿಲ್ ಹಿಡಿದರೆ ಕುಸುರಿ ಸಡಿಲಾಗುತ್ತದೆ. ಪಾಟ್‌ನ ನಟ್ಟು ಹಿಡಿಯುವಷ್ಟು ತೆಳ್ಳಗೆ ಉಜ್ಜಿಸಿಕೊಳ್ಳಿ. ಕೋಟೆಯ ಮಣ್ಣು ಮತ್ತು ನವಸಾಗರದಿಂದ ಬರುವ ಆ ಕಪ್ಪು ಪದರದ ಮೇಲೆ ಅರ್ಥ್ ಸರಿಯಾಗಿ ಸಿಗುವುದಿಲ್ಲ. ತಟ್ಟೆಯ ಹಿಂಭಾಗದಲ್ಲಿ ತೂತಿನ ಸುತ್ತ ಮರಳು ಕಾಗದದಿಂದ ಉಜ್ಜಿ ಬರಿ ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಸತುವಿಗೆ ನೇರ ಬೆಸುಗೆ ಹಿಡಿಸುವುದು ಕಷ್ಟ. ಹಳೆಯ ತಟ್ಟೆಯನ್ನು ಎಸೆಯಬೇಡಿ.

ಗುಂಯ್‌ಗುಡುವ ಸದ್ದಿನಲ್ಲಿ ಎರಡು ಬಗೆ. ಎಲ್‌ಇಡಿ ದೀಪ, ಡಿಮ್ಮರ್‌ಗಳಿಂದ ಬರುವ ಚರಚರ ಸದ್ದನ್ನು ಗಿಟಾರಿನ ಮರದ ಒಳಗುಳಿಗೆ ತಾಮ್ರದ ಟೇಪ್ ಅಂಟಿಸಿ, ಅದನ್ನು ಅರ್ಥ್‌ಗೆ ಸೇರಿಸಿ ತಗ್ಗಿಸಬಹುದು. ಟೇಪಿನ ಅಂಟು ವಿದ್ಯುತ್ ಹರಿಸದಿದ್ದರೆ ಪ್ರತಿ ಜೋಡಣೆಯ ಮೇಲೆ ಒಂದು ಹನಿ ಬೆಸುಗೆ ಬೇಕು. ಟ್ರಾನ್ಸ್‌ಫಾರ್ಮರಿನಿಂದ ಬರುವ 50 ಹರ್ಟ್ಸ್ ಗುಂಗು ಮಾತ್ರ ಸಿಂಗಲ್ ಕಾಯಿಲ್‌ನಲ್ಲಿ ಟೇಪಿನಿಂದ ಹೋಗುವುದಿಲ್ಲ. ಆಂಪ್ಲಿಫೈಯರ್‌ನಿಂದ ದೂರ ಸರಿದು ನಿಲ್ಲಿ, ಕೋನ ಬದಲಿಸಿ. ತಂತಿಗಳು ಕೂರುವ ಲೋಹದ ಸೇತುವೆಯಿಂದ (ಬ್ರಿಡ್ಜ್) ಅರ್ಥ್‌ಗೆ ಒಂದು ವೈರ್ ಇದೆಯೇ ಎಂದು ಖಂಡಿತ ನೋಡಿ.

ಆ ವೈರ್ ಹಾಕಿದ ಮೇಲೆ ಜೀವದ ಪ್ರಶ್ನೆ ಬರುತ್ತದೆ. ಜಾತ್ರೆ, ಉರುಸು, ಮದುವೆಯ ಪೆಂಡಾಲುಗಳಲ್ಲಿ ಅರ್ಥಿಂಗ್ ಇಲ್ಲದ ಬೋರ್ಡಿಗೆ ಆಂಪ್ಲಿಫೈಯರ್ ಚುಚ್ಚುವುದು ಸಾಮಾನ್ಯ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಆ ಎರಡರ ನಡುವೆ ವೋಲ್ಟೇಜ್ ಇದ್ದರೆ ಪ್ರಾಣ ಹೋಗಬಹುದು. ಹಾಡುವ ಮೊದಲು ಮೀಟರನ್ನು ಎ.ಸಿ. ವೋಲ್ಟ್‌ನಲ್ಲಿಟ್ಟು ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ಹಿಡಿಯಿರಿ. ಸೊನ್ನೆಯ ಹತ್ತಿರ ಇರದಿದ್ದರೆ ನುಡಿಸಬೇಡಿ. ಮೂರು ಪಿನ್ನಿನಲ್ಲಿ ಅರ್ಥ್ ಪಿನ್ ಮುರಿದು ಗುಂಗು ನಿಲ್ಲಿಸುವವರ ಮಾತು ಕೇಳಲೇಬೇಡಿ.

ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ಧ್ವನಿ ಸೊರಗಿ ಮೂಗಿನಿಂದ ಬಂದಂತಾದರೆ ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿವೆ, ಒಂದರ ಸಂಕೇತ ಇನ್ನೊಂದನ್ನು ಕಳೆಯುತ್ತಿದೆ ಎಂದರ್ಥ. ಒಂದು ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಆದರೆ ಗೋಲ್ಡ್ ಫಾಯಿಲ್‌ನಲ್ಲಿ ಲೋಹದ ಕವಚ ಆ ಎರಡರಲ್ಲಿ ಒಂದಕ್ಕೆ ಸೇರಿರುತ್ತದೆ. ಅದನ್ನು ಮೊದಲು ಬಿಡಿಸಿ, ಬೇರೆ ವೈರ್‌ನಿಂದ ಅರ್ಥ್‌ಗೆ ಕೊಡಿ. ಇಲ್ಲದಿದ್ದರೆ ಕವಚವೇ ಗುಂಗು ಹಿಡಿದು ತರುತ್ತದೆ.

ಇಷ್ಟಾದ ಮೇಲೆ ಪಿಕಪ್ ಎತ್ತರ ಹೊಂದಿಸಿ. ಕೊನೆಯ ಫ್ರೆಟ್ ಒತ್ತಿ ಹಿಡಿದು ತಂತಿಗೂ ಪಿಕಪ್‌ಗೂ 2ರಿಂದ 3 ಮಿಲಿಮೀಟರ್‌ನಲ್ಲಿ ಆರಂಭಿಸಿ, ಕಿವಿಯಿಂದ ಮುಂದುವರಿಯಿರಿ. ಆಗಲೂ ಧ್ವನಿ ಒಪ್ಪದಿದ್ದರೆ, ಅಥವಾ ಸುರುಳಿ ನಿಜವಾಗಿ ತುಂಡಾಗಿದ್ದರೆ, ಪಿಕಪ್ ಹೊರತೆಗೆಯಿರಿ. ಸುರುಳಿಯ ಸುಮಾರು 0.063 ಮಿಲಿಮೀಟರ್ ತಂತಿ ಹೆಚ್ಚಾಗಿ ಕಡಿಯುವುದು ಹೊರವೈರಿಗೆ ಬೆಸೆದ ತುದಿಯಲ್ಲಿ. ಭೂತಗನ್ನಡಿ ಹಿಡಿದು ಅಲ್ಲಿ ಹುಡುಕಿ. ಹೊರಸುತ್ತಿನ ತುದಿಯಾಗಿದ್ದರೆ ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆಯಬಹುದು. ಪಿಕಪ್‌ನ ಕಿರುಚಾಟ ತಪ್ಪಿಸಲು ಅದನ್ನು ಮೇಣದಲ್ಲಿ ಅದ್ದುವವರು ನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆ ಇಟ್ಟು 65 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು, ಸುರುಳಿ ಸುತ್ತಿದ ಹಳೆಯ ಪ್ಲಾಸ್ಟಿಕ್ ಬಾಬಿನ್ ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ. ಬೇರೆ ಪಿಕಪ್ ಹಾಕಲೇಬೇಕಾದರೆ ಮರ ಕೊರೆಯದೆ ಅದೇ ಗುಳಿಯಲ್ಲಿ ಕೂರುವಂಥದ್ದನ್ನು ಆರಿಸಿ. ತೆಗೆದ ಪಿಕಪ್, ಪಾಟ್, ಕಂಡೆನ್ಸರ್ ಎಲ್ಲವನ್ನೂ ನೀವು ಬರೆದ ಚಿತ್ರದ ಜೊತೆ ಒಂದು ಚೀಲದಲ್ಲಿ ಹಾಕಿ ಗಿಟಾರಿನ ಪೆಟ್ಟಿಗೆಯಲ್ಲಿಯೇ ಇಡಿ.