ಗುಡ್ಡಕ್ಕ ಹೋಗೋ ಮುಂಚೆ ಮನ್ಯಾಗ ಮಾಡ್ಬೇಕಾದ್ದು

ನಮ್ಮ ತಂಗಿ ಸೊಸಿ ಮೊನ್ನೆ ಫೋನ್ ಮಾಡಿದ್ಲು, ದೊಡ್ಡವ್ವ ಈ ಸಲ ರಜಾಕ್ಕ ಹುಡುಗ್ರನ್ನ ಕರ್ಕೊಂಡು ಚಿಕ್ಕಮಗಳೂರಿಗೆ ಹೋಗಿ ಮುಳ್ಳಯ್ಯನಗಿರಿ ಹತ್ತಿ, ಭದ್ರಾದಾಗ ಸಫಾರಿ ಮಾಡಿ ಬರೋಣ ಅಂತ ಐತಿ, ಅತ್ತಿ ಮಾವನೂ ಬರ್ತಾರ, ಏನೇನು ತಗೊಂಡು ಹೋಗ್ಬೇಕು ಹೇಳ್ರಿ ಅಂತ. ಏನು ತಗೊಂಡು ಹೋಗ್ಬೇಕು ಅನ್ನೋದು ಕಡೀಗೆ ನೋಡೋಣ, ಮೊದ್ಲು ನಿಮ್ಮ ಮನ್ಯಾಗ ಎಲ್ಲಾರಿಗಿಂತ ನಿಧಾನ ನಡಿಯೋರು ಯಾರು ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಾಗಿ, ಸಣ್ಣವನಿಗೆ ಆರು ವರ್ಷ, ಮತ್ತ ಅತ್ತಿಗೆ ಮೆಟ್ಟಿಲು ಇಳಿಯೋವಾಗ ಮಂಡಿ ಹಿಡಿತೈತಿ ಅಂದ್ಲು. ನಮ್ಮ ತಂಗಿ ಆ ನೋವನ್ನ ಯಾರಿಗೂ ಹೇಳಾಕಿ ಅಲ್ಲ, ಗುಡ್ಡದ ನಡುವ ಹೋದ ಮ್ಯಾಲ ಕಲ್ಲಿನ ಮ್ಯಾಲ ಕೂತು ನೀವು ಹೋಗ್ಬರ್ರಿ ನಾ ಇಲ್ಲೇ ಇರ್ತೀನಿ ಅಂತಾಳ. ಅದಕ್ಕ ಹೇಳಿದೆ, ಈ ಟ್ರಿಪ್ ಆ ಇಬ್ಬರ ಕಾಲಿಗೆ ತಕ್ಕಂಗ ಹೊಲಿಬೇಕು, ಉಳಿದೋರು ಅದರಾಗ ಹೊಂದ್ಕೊಳ್ಳೋದು ಅಂತ. ಫೋನ್ನ್ಯಾಗ ಎಲ್ಲಾ ಹೇಳೋಕಾಗ್ಲಿಲ್ಲ, ನಮ್ಮ ಗಂಗಾವತಿ ಕೊಪ್ಪಳ ಬಳ್ಳಾರಿ ಕಡೆ ಇನ್ನೂ ನಾಕು ಮನಿಯವರಿಗೆ ಉಪಯೋಗ ಆಗ್ಲಿ ಅಂತ ಇಲ್ಲೇ ಬರೀತೀನಿ.

ನಾವು ಒಮ್ಮೆ ಪೆಟ್ಟು ತಿಂದೀವಿ. ಹುಡುಗ್ರು ಸಣ್ಣೋರಿದ್ದಾಗ ಜುಲೈ ತಿಂಗಳದಾಗ ಮಲೆನಾಡಿಗೆ ಹೋದ್ವಿ, ರೂಮ್ ಕೊಟ್ಟವರು ಎಲ್ಲಾ ಓಪನ್ ಐತಿ ಬರ್ರಿ ಅಂದಿದ್ರು, ಹೋಗಿ ನೋಡಿದ್ರ ಮಳಿಗೆ ಗುಡ್ಡದ ದಾರಿ ಬಂದ್, ಸಫಾರಿ ಸೀಟೂ ಇಲ್ಲ, ದೊಡ್ಡವನಿಗೆ ಊರು ಬಿಡೋ ಹಿಂದಿನ ದಿನ ಕೊಡಿಸಿದ್ದ ಹೊಸ ಶೂ ಹಿಮ್ಮಡಿ ಕೊರೆದು ಗುಳ್ಳಿ ಎದ್ದು ಎರಡು ದಿನ ರೂಮಿನಾಗ ಕೂತ. ಆವತ್ತಿಂದ ನಾನು ಮೂರು ಕೆಲಸ ಮೊದ್ಲು ಮಾಡ್ತೀನಿ, ತಿಂಗಳು ನೋಡೋದು, ಪರ್ಮಿಷನ್ ನೋಡೋದು, ಶೂ ನೋಡೋದು, ರೂಮ್ ಬುಕ್ ಮಾಡೋದು ಅದಾದ ಮ್ಯಾಲ.

ತಿಂಗಳು ಅಂದ್ರ ದೀಪಾವಳಿ ಮುಗಿದ ಮ್ಯಾಲಿಂದ ಜನವರಿ ಕಡೀತನಕ ನಮಗ ಚಲೋ. ಬ್ಯಾಸಗಿ ರಜಾ ಉದ್ದ ಇರ್ತೈತಿ ಅಂತ ಎಲ್ಲಾರೂ ಏಪ್ರಿಲ್ ಮೇ ಹಿಡಿತಾರ, ಆದ್ರ ಆಗ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿರ್ತೈತಿ, ಬಂಡೆ ಮ್ಯಾಲ ಕೈ ಇಡೋಕಾಗಲ್ಲ, ಮಲೆನಾಡಿನಾಗೂ ಬ್ಯಾಸಗಿಗೆ ಕಾಡಿನ ಬೆಂಕಿ ಭಯಕ್ಕ ಎಷ್ಟೋ ಟ್ರೆಕ್ಕಿಂಗ್ ದಾರಿ ಬಂದ್ ಮಾಡ್ತಾರ. ಮಳಿಗಾಲದಾಗ ಹೋದ್ರ ಜಾರಿಕಿ ಬ್ಯಾರೆ, ಉಂಬಳ ಬ್ಯಾರೆ. ಉಂಬಳ ಅಂದ್ರ ರಕ್ತ ಹೀರೋ ಜಿಗಣಿ, ನಮ್ಮ ಬಯಲುಸೀಮಿ ಹುಡುಗ್ರು ಕಂಡೇ ಇರಲ್ಲ, ರಕ್ತ ನೋಡಿ ಒದರ್ತಾವ, ಅದರಿಂದ ಜೀವಕ್ಕೇನೂ ಆಗಲ್ಲ, ಒಂದು ಚಿಟಿಗಿ ಉಪ್ಪು ಹಾಕಿದ್ರ ಬಿಟ್ಟು ಬೀಳ್ತೈತಿ ಅಂತ ಮೊದ್ಲೇ ಹೇಳಿಟ್ರ ಅಂಜಿಕಿ ಇರಲ್ಲ. ಪ್ಯಾಂಟನ್ನ ಸಾಕ್ಸಿನ ಒಳಗ ತುರುಕಿಸ್ರಿ, ಸಣ್ಣ ಬಟ್ಟಿ ಗಂಟಿನಾಗ ಉಪ್ಪು ಇಟ್ಗೊಳ್ರಿ, ಅಷ್ಟು ಸಾಕು.

ಪರ್ಮಿಷನ್ ವಿಷಯ. ಈಗ ಮೊದಲಿನಂಗ ಹೋಗಿ ಹತ್ತಿಬಿಡೋದು ಇಲ್ಲ, ಅರಣ್ಯ ಇಲಾಖೆ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಐತಿ, ದಿನಕ್ಕ ಇಷ್ಟೇ ಮಂದಿ ಅಂತ ಲೆಕ್ಕ ಇರ್ತೈತಿ, ಎಲ್ಲಾರ ಗುರುತಿನ ಚೀಟಿ ಬೇಕು. ಶನಿವಾರ ಭಾನುವಾರ ಬಿಟ್ಟು ಮಂಗಳವಾರ ಬುಧವಾರ ಇಟ್ಗೊಂಡ್ರ ಸೀಟೂ ಸಿಗ್ತಾವ, ಗದ್ದಲಾನೂ ಕಮ್ಮಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕ ಮುತ್ತೋಡಿ ಒಂದು ಕಡೆ, ಲಕ್ಕವಳ್ಳಿ ಒಂದು ಕಡೆ, ಎರಡು ಬಾಗಿಲು ಅದಾವ, ಒಂದರಿಂದ ಒಂದಕ್ಕ ದೂರ ಐತಿ, ಸಫಾರಿ ಒಂದು ಕಡೆ ರೂಮ್ ಇನ್ನೊಂದು ಕಡೆ ಬುಕ್ ಮಾಡಿಬಿಟ್ರ ಬೆಳಿಗ್ಗೆ ನಾಕಕ್ಕ ಏಳಬೇಕಾಗ್ತೈತಿ. ಮತ್ತ ಹುಡುಗ್ರಿಗೆ ಹುಲಿ ತೋರಿಸ್ತೀನಿ ಅಂತ ಮಾತು ಕೊಡಬ್ಯಾಡ್ರಿ. ಕಾಡು ನೋಡೋಕ ಹೋಗ್ತೀವಿ, ಏನು ಕಾಣ್ತೈತೋ ಅದು ನಮ್ಮ ಭಾಗ್ಯ ಅನ್ರಿ, ಆಗ ಜಿಂಕಿ ಕಂಡ್ರೂ ಕಾಟಿ ಕಂಡ್ರೂ ಕುಣಿತಾವ.

ಈಗ ನಾನು ಬಾಳ ಒತ್ತಿ ಹೇಳೋದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನಮ್ಮ ರಾಜ್ಯದಾಗೇ ಎಲ್ಲಾಕ್ಕಿಂತ ದೊಡ್ಡ ಗುಡ್ಡ, ಅದಕ್ಕ ಹೋಗೋ ಮುಂಚೆ ಒಂದು ತಿಂಗಳು ನಮ್ಮ ಮನಿ ಮುಂದಿನ ಗುಡ್ಡ ಹತ್ರಿ. ನಮಗೇನು ಗುಡ್ಡಕ್ಕ ಬರ ಇಲ್ಲ, ಎಲ್ಲಿ ನೋಡಿದ್ರೂ ಬಂಡೆ. ಮೊದಲ ವಾರ ಅಂಜನಾದ್ರಿ, 575 ಮೆಟ್ಟಿಲು, ಕೈ ಹಿಡ್ಕೊಳ್ಳೋಕ ಆಸರಿ ಐತಿ, ಯಾರಿಗೆ ಎಷ್ಟು ದಮ್ಮು ಐತಿ ಅಂತ ಅಲ್ಲೇ ಗೊತ್ತಾಗ್ತೈತಿ. ಹತ್ತೋವಾಗ ಎದಿ ಹೇಳ್ತೈತಿ, ಇಳಿಯೋವಾಗ ಮಂಡಿ ಹೇಳ್ತೈತಿ, ಎರಡೂ ಕೇಳ್ರಿ. ಮಂಡಿ ನೋವಿನವರಿಗೆ ಕೈಯಾಗ ಒಂದು ಕೋಲು ಕೊಡ್ರಿ, ಇಳಿಯೋವಾಗ ಸಣ್ಣ ಹೆಜ್ಜಿ ಹಾಕಿ ಓರೆಯಾಗಿ ಇಳಿಯೋಕ ಹೇಳ್ರಿ, ಬಾಳ ಫರಕ್ ಬೀಳ್ತೈತಿ. ಅಲ್ಲಿ ಮಂಗ್ಯಾ ಬಾಳ, ಪ್ಲಾಸ್ಟಿಕ್ ಕವರ್ ಸಪ್ಪಳ ಕೇಳಿದ್ರ ಸಾಕು ಕಸಗೊಂಡು ಹೋಗ್ತಾವ, ತಿನ್ನೋದೆಲ್ಲಾ ಬಟ್ಟಿ ಚೀಲದಾಗ ಇಟ್ಟು ಬ್ಯಾಗಿನ ಒಳಗ ಹಾಕಿ ಜಿಪ್ ಎಳೀರಿ, ಹುಡುಗ್ರ ಕೈಯಾಗ ಏನೂ ಕೊಡಬ್ಯಾಡ್ರಿ, ಕಸಗೊಂಡ್ರ ಬಿಟ್ಟುಬಿಡ್ರಿ, ಜಗ್ಗಿದ್ರ ಕಚ್ಚತಾವ.

ಎರಡನೇ ಸಲಕ್ಕ ಹಿರೇಬೆಣಕಲ್. ಗಂಗಾವತಿಯಿಂದ ಕೊಪ್ಪಳ ರೋಡಿಗೆ 10 ಕಿಲೋಮೀಟರ್ ಅಷ್ಟ, ಊರು ದಾಟಿ ಗುಡ್ಡ ಹತ್ತಿ ಎರಡು ಮೂರು ಕಿಲೋಮೀಟರ್ ನಡಿಬೇಕು, ಮೆಟ್ಟಿಲು ಇಲ್ಲ, ಬಂಡೆ ಮುಳ್ಳು ಕಾಲ್ದಾರಿ, ಅಂದ್ರ ಖರೇವಂದ್ರ ಟ್ರೆಕ್ಕಿಂಗ್. ಮ್ಯಾಲ ಹೋದ್ರ 2,000 ವರ್ಷಕ್ಕೂ ಹಳೇವು ಕಲ್ಲಿನ ಮನಿ ಸಾಲು ಸಾಲು, ದೊಡ್ಡ ಚಪ್ಪಡಿ ನಿಲ್ಸಿ ಮ್ಯಾಲ ಚಪ್ಪಡಿ ಹೊಚ್ಚಿ, ಮುಂದಿನ ಕಲ್ಲಿಗೆ ದುಂಡಗ ಕಂಡಿ ಕೊರೆದಾರ. ನಮ್ಮ ಕಡೆ ಅದಕ್ಕ ಮೋರ್ಯಾರ ಗುಡ್ಡ ಅಂತಾರ, ಕುಳ್ಳ ಮನುಷ್ಯಾರು ಅಲ್ಲಿ ಇದ್ರು ಅಂತ ನಮ್ಮವ್ವ ಕತಿ ಹೇಳ್ತಿದ್ಲು, ಸತ್ತೋರ ನೆನಪಿಗೆ ಕಟ್ಟಿದ್ದು ಅಂತ ಓದಿದೋರು ಹೇಳ್ತಾರ, ಹುಡುಗ್ರಿಗೆ ಎರಡೂ ಹೇಳ್ರಿ. ಒಂದು ದೊಡ್ಡ ದುಂಡನೆ ನಗಾರಿ ಕಲ್ಲು ಐತಿ, ಬಡಿದ್ರ ನಾದ ಬರ್ತೈತಿ. 2021 ರಾಗ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರ್ಯಾದ ಈ ಜಾಗ, ಪರದೇಶದಿಂದ ಬಂದು ನೋಡ್ತಾರ, ನಮ್ಮ ಗಂಗಾವತಿ ಮಂದಿನ ಎಷ್ಟೋ ಜನ ನೋಡಿಲ್ಲ ಅನ್ನೋದು ನನಗ ಮನಸ್ಸಿಗೆ ಕೆಟ್ಟ ಅನಸ್ತೈತಿ. ಆ ಕಲ್ಲಿನ ಮ್ಯಾಲ ಹತ್ತೋದು, ಹೆಸರು ಕೆತ್ತೋದು ಮಾತ್ರ ಬ್ಯಾಡ, ಇಷ್ಟು ವರ್ಷ ನಿಂತದ್ದು ನಮ್ಮ ಹುಡುಗ್ರ ಕಾಲಾಗ ಬೀಳಬಾರ್ದು.

ಹಿರೇಬೆಣಕಲ್ಲಿಗೆ ಊರಿನವರೊಬ್ಬರನ್ನ ದಾರಿ ತೋರಿಸೋಕ ಕರ್ಕೊಂಡು ಹೋಗ್ರಿ, ಅವರಿಗೆ ನ್ಯಾಯವಾಗಿ ದುಡ್ಡು ಕೊಡ್ರಿ. ಸೂರ್ಯ ಹುಟ್ಟಿ ಬೆಳಕು ಚೆಂದಗ ಬಿದ್ದ ಮ್ಯಾಲ ಹೊರಡ್ರಿ, ಹತ್ತೂವರಿ ಹನ್ನೊಂದರ ಒಳಗ ಕೆಳಗ ಇರ್ರಿ. ಕತ್ತಲಿದ್ದಾಗ ಬ್ಯಾಡ ಯಾಕಂದ್ರ ಈ ಗುಡ್ಡದ ಸಾಲಿನಾಗ ಕರಡಿ ಅದಾವ, ಚಿರತಿ ಅದಾವ. ಕರಡಿ ಸಂಜಿ ಮುಂದ ಹೊರಗ ಬಿದ್ದು ಬೆಳಗಾಗೋತನಕ ತಿರುಗ್ತೈತಿ, ಅದಕ್ಕ ಕಣ್ಣು ಅಷ್ಟು ಚುರುಕಿಲ್ಲ, ನಾವು ಸಪ್ಪಳ ಇಲ್ಲದ ಹತ್ತಿರ ಹೋಗಿಬಿಟ್ರ ಅಂಜಿ ಮೈಮ್ಯಾಲ ಬರ್ತೈತಿ. ಗುಡ್ಡ ಹತ್ತೋವಾಗ ಗುಂಪಾಗಿ ಮಾತಾಡ್ಕೋತ ಹೋದ್ರ ಅದು ತಾನ ದೂರ ಸರಿತೈತಿ. ಸೀತಾಫಲ, ಬಾರಿ ಹಣ್ಣಿನ ಗಿಡ, ಗೆದ್ದಲ ಹುತ್ತ ಇರೋ ಕಡೆ ಇನ್ನಷ್ಟು ಹುಷಾರು, ಅದರ ಊಟ ಅವು. ಹುಡುಗ್ರನ್ನ ಮುಂದ ಓಡಾಕ ಬಿಡಬ್ಯಾಡ್ರಿ, ದೊಡ್ಡವರೊಬ್ಬರು ಮುಂದ, ಒಬ್ಬರು ಕಡೀಗೆ, ನಿಧಾನ ನಡಿಯೋರು ಮುಂದಿನವರ ಹಿಂದನ ಇರ್ಲಿ, ಹಂಗಿದ್ರ ಗುಂಪು ಒಡಿಯಲ್ಲ. ಬಂಡೆ ಸಂದಿಗೆ ಕೈ ಹಾಕೋದು, ಕಲ್ಲು ಎತ್ತಿ ನೋಡೋದು ಬ್ಯಾಡ, ಚೇಳು ಹಾವು ಎರಡೂ ಅಲ್ಲೇ ತಂಪಿಗೆ ಕೂತಿರ್ತಾವ. ಹೆಜ್ಜೇನು ಕಟ್ಟಿದ ಬಂಡೆ ಕೆಳಗ ಕೂಗಾಡೋದು, ಹೊಗಿ ಹಾಕೋದು, ಸೆಂಟ್ ಹೊಡ್ಕೊಂಡು ಹೋಗೋದು ಮಾಡಬ್ಯಾಡ್ರಿ. ಒಂದು ವೇಳೆ ಹಾವು ಕಚ್ಚಿದ್ರ ಕೊಯ್ಯೋದು ಬಿಗಿಯೋದು ಹೀರೋದು ಏನೂ ಬ್ಯಾಡ, ಕಚ್ಚಿದ ಕಾಲು ಅಲ್ಲಾಡಿಸದಂಗ ಎತ್ಕೊಂಡು ಇಳಿಸಿ 108 ಕ್ಕ ಫೋನ್ ಮಾಡಿ ದೊಡ್ಡ ಆಸ್ಪತ್ರಿಗೆ ಹೋಗೋದು, ಮಂತ್ರ ಹಾಕಿಸೋಕ ಹೋಗಿ ಹೊತ್ತು ಕಳಿಯೋದು ಬ್ಯಾಡ.

ಪ್ರಾಣಿ ನೋಡೋ ರೂಢಿ ಮಾಡಿಸೋಕ ದರೋಜಿ ಕರಡಿಧಾಮಕ್ಕಿಂತ ಚಲೋ ಶಾಲಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. 1994 ರಾಗ ಕರಡಿಗಂತನ ಮಾಡಿದ್ದು, ಹಂಪಿ ಕಮಲಾಪುರದ ಕಡೆಯಿಂದ ಹತ್ತಿರ. ಎದುರಿನ ಬಂಡೆಗಳಿಗೆ ಅಲ್ಲಿಯವರು ಬೆಲ್ಲ ಜೇನು ಕಲಸಿದ ತಿನಿಸು ಬಳಿದಿರ್ತಾರ, ಮಧ್ಯಾಹ್ನ ಹೊಳ್ಳಿ ಸಂಜಿ ಆಗೋ ಹೊತ್ತಿಗೆ ಕರಡಿ ಒಂದೊಂದ ಗುಡ್ಡ ಇಳಿದು ಬರ್ತಾವ, ನಾವು ದೂರದ ವೀಕ್ಷಣಾ ಗೋಪುರದ ಮ್ಯಾಲ ಕೂತು ನೋಡೋದು. ಮರಿ ತಾಯಿ ಬೆನ್ನ ಮ್ಯಾಲ ಕೂತು ಬರೋದು ಕಂಡ್ರ ಅವತ್ತಿನ ದಿನ ಸಾರ್ಥಕ. ನವಿಲು, ಕೌಜಗ, ಉಡ ಇವೂ ಕಾಣ್ತಾವ. ಅಲ್ಲಿ ಎರಡು ತಾಸು ಬಾಯಿ ಮುಚ್ಚಿ ಕೂರೋಕ ಕಲ್ತ ಹುಡುಗ ಭದ್ರಾ ಸಫಾರಿ ಜೀಪಿನಾಗೂ ಸುಮ್ಮನ ಕೂರ್ತಾನ. ಒಂದು ದುರ್ಬೀನು ತಗೊಳ್ರಿ, 8×40 ಅಂತ ಬರ್ದಿದ್ದು ಸಾಕು, ಇನ್ನೂ ಹೆಚ್ಚಿಂದು ತಗೊಂಡ್ರ ಹುಡುಗ್ರ ಕೈ ನಡುಗಿ ಏನೂ ಕಾಣಲ್ಲ. ಬಟ್ಟಿ ಮಣ್ಣಿನ ಬಣ್ಣ, ಹಸರು ಬಣ್ಣದ್ದು ಇರ್ಲಿ, ಕೆಂಪು ಹಳದಿ ಮಿಂಚೋದು ಬ್ಯಾಡ. ಹೊಳಿ ಕಡೆ ಮನಸ್ಸಿದ್ರ ಟಿಬಿ ಡ್ಯಾಮಿನ ಕೆಳಗಿಂದ ಕಂಪ್ಲಿ ಸೇತುವೆ ತನಕ ತುಂಗಭದ್ರೆ 2015 ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಆಗೈತಿ, ಬೆಳಿಗ್ಗೆ ದಂಡಿ ಮ್ಯಾಲ ಸುಮ್ಮನ ಕೂತ್ರ ಒಮ್ಮೊಮ್ಮೆ ತಲಿ ಎತ್ತಿ ನೋಡ್ತಾವ.

ಶೂ ಬಗ್ಗೆ. ಸಂಜಿ ಹೊತ್ತಿಗೆ ಅಂಗಡಿಗೆ ಹೋಗ್ರಿ, ದಿನಾ ಎಲ್ಲಾ ತಿರುಗಿ ಕಾಲು ಸ್ವಲ್ಪ ಊದಿರ್ತಾವ, ಆಗಿನ ಅಳತಿ ಸರಿ. ಹಾಕೋ ಸಾಕ್ಸ್ ಹಾಕ್ಕೊಂಡೇ ನೋಡ್ರಿ, ಮುಂದ ಹೆಬ್ಬಟ್ಟಿನಷ್ಟು ಜಾಗ ಇರ್ಬೇಕು, ಇಲ್ಲಂದ್ರ ಇಳಿಯೋವಾಗ ಉಗುರು ಕರ್ರಗಾಗ್ತಾವ. ಮೂರು ವಾರ ಮುಂಚೆ ತಂದು ಸಂತಿಗೆ ಗುಡಿಗೆ ಅದನ್ನೇ ಹಾಕ್ಕೊಂಡು ತಿರುಗ್ರಿ. ಹೋಗೋ ಹಿಂದಿನ ದಿನ ಎಲ್ಲಾರ ಕಾಲಿನ ಉಗುರು ಕತ್ತರಿಸ್ರಿ, ಬೆಳಿಗ್ಗೆ ಹಿಮ್ಮಡಿಗೆ ಸ್ವಲ್ಪ ಕೊಬ್ಬರಿ ಎಣ್ಣಿ ಹಚ್ಚಿ ಸಾಕ್ಸ್ ಹಾಕಿದ್ರ ಉಜ್ಜೋದು ಕಮ್ಮಿ. ರೂಮಿನಾಗ ಬಿಟ್ಟ ಶೂ ಮರುದಿನ ಜಾಡಿಸದ ಹಾಕೋದಿಲ್ಲ ಅನ್ನೋದು ಮನಿ ನಿಯಮ ಆಗ್ಲಿ.

ಊಟಕ್ಕ ನಮ್ಮ ಅಡಿಗಿಮನಿಗಿಂತ ಒಳ್ಳೇದು ಯಾವ ಪ್ಯಾಕೆಟಿನಾಗೂ ಇಲ್ಲ. ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ ವಾರ ಇಟ್ರೂ ಕೆಡಲ್ಲ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಶೇಂಗಾ ಉಂಡಿ, ಹುರಿಗಡಲಿ ಬೆಲ್ಲ, ಇಷ್ಟು ಇದ್ರ ಗುಡ್ಡದ ಮ್ಯಾಲ ರಾಜರ ಊಟ. ಮೊದಲ ದಿನಕ್ಕ ಹುಳಿ ಅನ್ನ ನಡಿತೈತಿ, ನೀರು ಸೋಕಿಸದ ಕೈಯಿಂದ ಆರಿಸಿ ಕಟ್ರಿ. ಹತ್ತೋ ಮುಂಚೆ ಮಿರ್ಚಿ ಒಗ್ಗರಣಿ ಹೊಟ್ಟಿ ತುಂಬ ತಿನ್ನೋದು ಬ್ಯಾಡ, ನೀರಡಿಕಿ ಆಗಿ ಸತಾಯಿಸ್ತೈತಿ, ಇಳಿದು ಬಂದು ತಿನ್ರಿ. ನೀರು ನಮ್ಮ ಕಡೆ ಅರ್ಧ ದಿನಕ್ಕ ತಲಿಗೆ ಎರಡು ಲೀಟರ್ ಕಮ್ಮಿ ಆಗಬಾರ್ದು, ಅದರಾಗ ಒಂದು ಬಾಟ್ಲಿಗೆ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರಿ ಅರ್ಧ ಟೀ ಚಮಚ ಉಪ್ಪು, ಒತ್ತಿ ತುಂಬದಂಗ ಮಟ್ಟಸವಾಗಿ ಅಳತಿ ಮಾಡಿ ಕರಗಿಸಿ ಇಡ್ರಿ. ತಲಿ ಸುತ್ತೋದು, ಹುಡುಗ ಆಟ ಬಿಟ್ಟು ಮಂಕಾಗಿ ಕೂರೋದು ಕಂಡ್ರ ನೆರಳಿಗೆ ಕೂರಿಸಿ ಗುಟುಕು ಗುಟುಕು ಕುಡಿಸ್ರಿ. ಬಿಪಿ ಶುಗರ್ ಗುಳಿಗಿ ಇರೋರು ಎರಡು ಕಡೆ ಹಂಚಿ ಇಟ್ಗೊಳ್ರಿ, ಒಂದು ಸೂಟ್‌ಕೇಸಿನಾಗ, ಒಂದು ಮೈಮ್ಯಾಲಿನ ಚೀಲದಾಗ.

ಇನ್ನೊಂದು, ನಮ್ಮದು ಸಪಾಟ ನೆಲ, ಘಾಟ್ ರೋಡ್ ರೂಢಿ ಇಲ್ಲ, ಚಿಕ್ಕಮಗಳೂರು ದಾಟಿ ತಿರುವು ಶುರು ಆದ್ರ ಹಿಂದಿನ ಸೀಟಿನ ಹುಡುಗ್ರು ವಾಂತಿ ಮಾಡ್ತಾವ. ಎಣ್ಣಿ ತಿಂಡಿ ಕೊಡಬ್ಯಾಡ್ರಿ, ಎರಡು ಇಡ್ಲಿ ಸಾಕು, ಮೊಬೈಲ್ ಕಸಗೊಂಡು ದೂರದ ಗುಡ್ಡ ನೋಡೋಕ ಹೇಳ್ರಿ, ಸಣ್ಣ ಶುಂಠಿ ತುಣುಕು ಬಾಯಾಗ ಇರ್ಲಿ. ಹೋದ ದಿನಾನ ಗುಡ್ಡ ಹತ್ತೋದು ಬ್ಯಾಡ, ಒಂದು ರಾತ್ರಿ ನಿದ್ದಿ ಮಾಡಿ ಮರುದಿನ. ಮ್ಯಾಲ ಗಾಳಿ ಥಂಡಿ ಜೋರು, ಎಲ್ಲಾರಿಗೂ ಒಂದೊಂದು ಸ್ವೆಟರ್, ಕಿವಿಗೆ ಮಫ್ಲರ್. ಮತ್ತ ನಮ್ಮ ತಂಗಿ ಬಗ್ಗೆ ಆ ಹುಡುಗಿಗೆ ಹೇಳಿದ್ದು ಏನಂದ್ರ, ಅಲ್ಲಿ ಮ್ಯಾಲ ತುಸು ಹತ್ತಿರದ ತನಕ ಗಾಡಿ ರೋಡ್ ಐತಿ, ಅತ್ತಿನ್ನ ಮಾವನ್ನ ಆ ದಾರಿಲೇ ಕರ್ಕೊಂಡು ಹೋಗು, ನೀವು ಕಾಲ್ದಾರಿಲೇ ಹತ್ತಿ ಬರ್ರಿ, ಮ್ಯಾಲ ಗುಡಿ ಮುಂದ ಎಲ್ಲಾರೂ ಕೂಡ್ರಿ, ಅಕಿನ್ನ ಕೆಳಗ ಬ್ಯಾಗ್ ಕಾಯೋಕ ಕೂರಿಸಬ್ಯಾಡ ಅಂತ.

ಬಂದ ದಿನ ರಾತ್ರಿ ಎಷ್ಟೇ ದಣಿವಾಗಿದ್ರೂ ಬ್ಯಾಗ್ ಅಂಗಳದಾಗ ಕೊಡವಿ ಆಮ್ಯಾಲ ಒಳಗ ತರ್ರಿ, ಕಾಡಿನ ಹುಳ ಉಣ್ಣಿ ಬಟ್ಟಿಯಾಗ ಕೂತಿರ್ತಾವ. ಹುಡುಗ್ರ ಕಿವಿ ಹಿಂದ, ಕಂಕಳಾಗ, ಮಂಡಿ ಹಿಂದ ನೋಡಿ ಬಿಸಿನೀರು ಹಾಕ್ರಿ, ಕಾಲು ಉಪ್ಪು ಹಾಕಿದ ಬೆಚ್ಚನೆ ನೀರಿನಾಗ ಇಡಿಸ್ರಿ. ಬ್ಯಾಗ್ ಖಾಲಿ ಮಾಡೋವಾಗ ಯಾವುದು ಮುಟ್ಟದ ಹಂಗ ವಾಪಸ್ ಬಂತು, ಯಾವುದು ಕಮ್ಮಿ ಬಿತ್ತು ಅಂತ ಒಂದು ನೋಟ್‌ಬುಕ್ಕಿನಾಗ ಬರ್ದು ಇಡ್ರಿ, ನನ್ನ ನೋಟ್‌ಬುಕ್ ಈಗ ಆ ಹುಡುಗಿ ಕೈಗೆ ಕೊಡ್ತೀನಿ, ಮುಂದಿನ ಭಾನುವಾರ ಹಿರೇಬೆಣಕಲ್ಲಿಗೆ ಅವರ ಜೊತಿ ನಾನೂ ಹೊಂಟೀನಿ.